ನೀರುನಾಯಿಯ ನದಿಗೆ ಬೀವರ್ ಬಂದಾಗ

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಅಂತ ಒಂದು ಪ್ರಾಂತ್ಯ. ಅಲ್ಲಿ ಆಟರ್ ಎಂಬ ಪುಟ್ಟ ನದಿ. ಬ್ಲ್ಯಾಕ್‌ಡೌನ್ ಗುಡ್ಡಗಳಲ್ಲಿ ಹುಟ್ಟಿ, ಮೂವತ್ತು ಚಿಲ್ಲರೆ ಕಿಲೋಮೀಟರ್ ಹರಿದು, ಬಡ್ಲಿ ಸಾಲ್ಟರ್ಟನ್ ಎಂಬ ಊರಿನ ಹತ್ತಿರ ಸಮುದ್ರ ಸೇರುತ್ತದೆ. ನಮ್ಮ ಕಣ್ಣಿಗೆ ಅದು ನದಿಯಲ್ಲ, ದೊಡ್ಡ ಹಳ್ಳ. ಆಟರ್ ಅಂದರೆ ನೀರುನಾಯಿ. 2014ರ ಶುರುವಿನಲ್ಲಿ ಈ ನೀರುನಾಯಿ ನದಿಯ ದಂಡೆಯಲ್ಲಿಟ್ಟಿದ್ದ ಕ್ಯಾಮೆರಾಕ್ಕೆ ಬೇರೆಯೇ ಒಂದು ಪ್ರಾಣಿ ಸಿಕ್ಕಿತು. ಅದೂ ಸಂಸಾರ ಸಮೇತ. ಅದು ಬೀವರ್. ಬ್ರಿಟನ್ನಿನ ಕಾಡುಗಳಿಂದ ಅದು ಮಾಯವಾಗಿ ಹೆಚ್ಚುಕಡಿಮೆ 400 ವರ್ಷ ಆಗಿತ್ತು.

ಎಲ್ಲಿಂದ ಬಂತು? ಯಾರದ್ದೋ ಬೇಲಿ ದಾಟಿ ತಪ್ಪಿಸಿಕೊಂಡು ಬಂತೋ, ಯಾರಾದರೂ ರಾತ್ರೋರಾತ್ರಿ ತಂದು ಬಿಟ್ಟರೋ, ಯಾರೂ ಬಾಯಿ ಬಿಟ್ಟಿಲ್ಲ. ಸರ್ಕಾರ ಮಾತ್ರ ಬೇಗ ಬಾಯಿ ಬಿಟ್ಟಿತು. ಎಲ್ಲವನ್ನೂ ಹಿಡಿದು ಬೇರೆಡೆ ಸಾಗಿಸುತ್ತೇವೆ ಎಂದಿತು. ಅದಕ್ಕೆ ಕೊಟ್ಟ ಕಾರಣ ಒಂದು ಲಾಡಿಹುಳ. ಯುರೋಪಿನ ಕೆಲವು ಕಡೆ ನರಿಗಳ ಮೂಲಕ ಹರಡುವ ಈ ಹುಳ ಮನುಷ್ಯರಿಗೂ ಅಂಟಬಹುದು, ಬ್ರಿಟನ್ನಿನಲ್ಲಿ ಅದಿಲ್ಲ. ಸುತ್ತಲಿನ ಊರುಗಳ ಜನ ಒಪ್ಪಲಿಲ್ಲ. ಪರೀಕ್ಷೆ ಮಾಡಿ, ರೋಗ ಇಲ್ಲದಿದ್ದರೆ ಇಲ್ಲೇ ಬಿಡಿ ಎಂದು ಹಟ ಹಿಡಿದರು. ಕೊನೆಗೆ 2015ರ ಜನವರಿಯಲ್ಲಿ ಐದು ವರ್ಷದ ಪ್ರಯೋಗಕ್ಕೆ ಲೈಸೆನ್ಸ್ ಸಿಕ್ಕಿತು. ಡೆವನ್ ವೈಲ್ಡ್‌ಲೈಫ್ ಟ್ರಸ್ಟ್ ಮುಂದಾಳು, ಎಕ್ಸೆಟರ್ ವಿಶ್ವವಿದ್ಯಾಲಯ ಅಳತೆಗಾರ. ಐದು ಬೀವರ್‌ಗಳನ್ನು ಹಿಡಿದರು, ಪರೀಕ್ಷಿಸಿದರು. ಹುಳ ಇರಲಿಲ್ಲ. ಯುರೋಪಿನ ಮೂಲ ಜಾತಿಯವೇ ಹೊರತು ಅಮೆರಿಕದವಲ್ಲ ಎಂಬುದೂ ಖಚಿತವಾಯಿತು. ಮಾರ್ಚಿನಲ್ಲಿ ಅದೇ ನದಿಗೆ ವಾಪಸ್ ಬಿಟ್ಟರು.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡೋಣ. ಬೀವರ್ ನಮ್ಮ ದೇಶದಲ್ಲಿಲ್ಲ, ಅದಕ್ಕೆ ಕನ್ನಡದ ಹೆಸರೂ ಇಲ್ಲ. ಹಾಗಾಗಿ ನೀರಲ್ಲಿ ಈಜುವ, ತುಪ್ಪಳ ಇರುವ ಪ್ರಾಣಿ ಅಂದ ಕೂಡಲೇ ನಮಗೆ ನೆನಪಾಗುವುದು ತುಂಗಭದ್ರೆಯ ನೀರುನಾಯಿ. ಎರಡಕ್ಕೂ ಸಂಬಂಧವೇ ಇಲ್ಲ. ನೀರುನಾಯಿ ಮೀನು ತಿನ್ನುವ ಬೇಟೆಗಾರ. ಬೀವರ್ ಇಲಿ, ಅಳಿಲು, ಮುಳ್ಳುಹಂದಿಗಳ ಬಳಗ, ಪೂರಾ ಸಸ್ಯಾಹಾರಿ. ಮೀನು ಮುಟ್ಟುವುದಿಲ್ಲ. ತೊಗಟೆ, ಚಿಗುರು, ಎಲೆ, ನೀರಿನ ಗಿಡಗಳೇ ಅದರ ಊಟ. ತೂಕ 20 ಕಿಲೋ ಆಸುಪಾಸು, 30 ಮುಟ್ಟುವುದೂ ಉಂಟು. ಈ ಬಳಗದಲ್ಲಿ ಇದಕ್ಕಿಂತ ದೊಡ್ಡದು ದಕ್ಷಿಣ ಅಮೆರಿಕದ ಕಪಿಬಾರಾ ಒಂದೇ. ಮುಂದಿನ ಹಲ್ಲುಗಳು ಕಿತ್ತಳೆ ಬಣ್ಣ, ಏಕೆಂದರೆ ಅವುಗಳ ಹೊರಪದರದಲ್ಲಿ ಕಬ್ಬಿಣದ ಅಂಶವಿದೆ. ಸವೆದಷ್ಟೂ ಬೆಳೆಯುತ್ತವೆ. ತುಟಿಗಳು ಹಲ್ಲಿನ ಹಿಂದೆ ಮುಚ್ಚಿಕೊಳ್ಳುವುದರಿಂದ ನೀರಿನೊಳಗೂ ಬಾಯಿಗೆ ನೀರು ನುಗ್ಗದಂತೆ ಕಡಿಯಬಲ್ಲದು. ಚಪ್ಪಟೆ ಬಾಲ ಈಜಲು, ಕೊಬ್ಬು ಕೂಡಿಡಲು, ಅಪಾಯ ಬಂದಾಗ ನೀರಿಗೆ ಪಟ್ಟನೆ ಬಡಿದು ಮನೆಯವರನ್ನು ಎಚ್ಚರಿಸಲು.

ನೆಲದ ಮೇಲೆ ಮಾತ್ರ ಅದು ದಡ್ಡ ನಡಿಗೆಯ ದುಂಡು ಪ್ರಾಣಿ. ತೋಳ, ಕರಡಿಗೆ ಸುಲಭದ ತುತ್ತು. ನೀರಿಗಿಳಿದರೆ ಯಾರಿಗೂ ಸಿಗುವುದಿಲ್ಲ. ಬೀವರ್ ಮಾಡುವ ಎಲ್ಲ ಕೆಲಸದ ಹಿಂದೆ ಈ ಒಂದೇ ಲೆಕ್ಕವಿದೆ. ಮನೆಯ ಬಾಗಿಲು ಯಾವಾಗಲೂ ನೀರಿನೊಳಗೆ ಇರಬೇಕು. ಊಟದ ಮರದ ಹತ್ತಿರದವರೆಗೂ ನೀರಲ್ಲೇ ಹೋಗಿಬರುವಂತಿರಬೇಕು. ನದಿ ಆಳವಾಗಿದ್ದರೆ ಸರಿ, ದಂಡೆಯಲ್ಲಿ ಬಿಲ ತೋಡಿಕೊಂಡು ಸುಮ್ನೆ ಇರುತ್ತದೆ. ಹಳ್ಳ ತೆಳುವಾಗಿದ್ದರೆ ಕಟ್ಟೆ ಕಟ್ಟಿ ನೀರು ಏರಿಸಿಕೊಳ್ಳುತ್ತದೆ. ಬೀವರ್ ಬಂದಲ್ಲೆಲ್ಲ ಕಟ್ಟೆ ಏಳುತ್ತದೆ ಎನ್ನುವುದು ತಪ್ಪು. ಆಟರ್ ನದಿಯ ಮುಖ್ಯ ಹರಿವಿನಲ್ಲಿ ನೆಲೆಸಿದ ಕುಟುಂಬಗಳಿಗೆ ಕಟ್ಟೆಯ ಗೊಡವೆಯೇ ಬೇಕಾಗಲಿಲ್ಲ. ಕಟ್ಟೆಗಳು ಎದ್ದದ್ದು ನದಿ ಸೇರುವ ಸಣ್ಣ ತೊರೆಗಳಲ್ಲಿ.

ಕಟ್ಟುವ ಹುಚ್ಚಿಗೆ ಒಂದು ತಮಾಷೆಯ ಕಾರಣವೂ ಇದೆ. ಹರಿಯುವ ನೀರಿನ ಸದ್ದು ಬೀವರ್‌ಗೆ ಸಹಿಸದು. ಸ್ವೀಡನ್ನಿನಲ್ಲಿ ಟೇಪ್ ರೆಕಾರ್ಡರಿನಲ್ಲಿ ನೀರಿನ ಜುಳುಜುಳು ಹಾಕಿದಾಗ, ನೀರೇ ಸೋರದ ಜಾಗದಲ್ಲೂ ಕಡ್ಡಿ, ಮಣ್ಣು ತಂದು ಮೆತ್ತಿದ್ದವು. ಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ನಿದ್ದೆ ಬಾರದವರಿಗೆ ಇದು ಅರ್ಥವಾಗುತ್ತದೆ, ಅಲ್ವಾ?

ಈಗ ಜಲಾನಯನದ ವಿಷಯಕ್ಕೆ ಬರೋಣ. ಜಲಾನಯನ ಅಂದರೆ ಒಂದು ನದಿಗೆ ನೀರು ಬಸಿದು ಬರುವ ಇಡೀ ಪ್ರದೇಶ. ಆಟರ್‌ನದ್ದು ಸುಮಾರು 250 ಚದರ ಕಿಲೋಮೀಟರ್. ಅಲ್ಲಿ ಹುಲ್ಲುಗಾವಲು, ಹೊಲ, ರಸ್ತೆ, ಸೇತುವೆ, ಊರು ಎಲ್ಲವೂ ಇವೆ. ಕಾಡು ಕಮ್ಮಿ. ಶತಮಾನಗಳಿಂದ ಅಲ್ಲಿನ ರೈತರು ಮಾಡಿದ್ದು ಒಂದೇ ಕೆಲಸ: ಬಿದ್ದ ಮಳೆಯನ್ನು ಆದಷ್ಟು ಬೇಗ ಹೊಲದಿಂದ ಆಚೆ ಕಳಿಸುವುದು. ಹಳ್ಳಗಳನ್ನು ನೇರ ಮಾಡಿದರು, ಆಳ ಮಾಡಿದರು, ಕಾಲುವೆ ತೋಡಿದರು. ಹೊಲ ಒಣಗಿತು. ಆದರೆ ಎಲ್ಲರ ಹೊಲದ ನೀರೂ ಒಂದೇ ಹೊತ್ತಿಗೆ ಕೆಳಗಿನ ಊರಿನ ಸೇತುವೆಯ ಹತ್ತಿರ ಬಂದು ಸೇರಿತು.

ಬೀವರ್ ಇದನ್ನು ತಿರುಗುಮುರುಗು ಮಾಡುತ್ತದೆ. ಅದರ ಕಟ್ಟೆ ನಮ್ಮ ಸಿಮೆಂಟಿನ ಅಣೆಕಟ್ಟಿನ ಹಾಗಲ್ಲ. ಕೊಂಬೆ, ಕಲ್ಲು, ಕೆಸರು ಸೇರಿಸಿದ ಸೋರುವ ಗೋಡೆ. ದಕ್ಷಿಣ ಕನ್ನಡ, ಕಾಸರಗೋಡಿನ ತೋಟದವರು ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣಿನ ಕಟ್ಟ ಹಾಕುವುದನ್ನು ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ನೀರು ನಿಂತು, ಅಕ್ಕಪಕ್ಕಕ್ಕೆ ಹರಡಿ, ನೆಲಕ್ಕೆ ಇಳಿಯುತ್ತದೆ. ಬಾವಿಗಳು ಬೇಸಿಗೆಯವರೆಗೂ ಬತ್ತುವುದಿಲ್ಲ. ವ್ಯತ್ಯಾಸ ಇಷ್ಟೇ. ನಮ್ಮ ಕಟ್ಟ ಮುಂದಿನ ಮಳೆಗೆ ಹೋಗುತ್ತದೆ, ಬೀವರ್ ತನ್ನದನ್ನು ವರ್ಷವಿಡೀ ರಿಪೇರಿ ಮಾಡುತ್ತಲೇ ಇರುತ್ತದೆ.

ನೆರೆ ಹೇಗೆ ತಗ್ಗುತ್ತದೆ ಎಂಬಲ್ಲಿ ಹಲವರು ಎಡವುತ್ತಾರೆ. ಕೊಳ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ನೆರೆ ಇಲ್ಲ ಎಂದುಕೊಳ್ಳುತ್ತಾರೆ. ಮೊದಲೇ ತುಂಬಿರುವ ಕೊಳಕ್ಕೆ ಇನ್ನೆಷ್ಟು ನೀರು ಹಿಡಿದೀತು? ಮುಖ್ಯವಾದದ್ದು ತಡೆ. ಬೆಂಗಳೂರಿನ ಯಾವುದಾದರೂ ಬಡಾವಣೆಯ ರಸ್ತೆಯಲ್ಲಿ ಸಾಲಾಗಿ ಹದಿಮೂರು ಹಂಪ್ ಹಾಕಿದ್ದಾರೆ ಅಂದುಕೊಳ್ಳಿ. ಹೋಗುವ ಗಾಡಿಗಳ ಲೆಕ್ಕ ಕಮ್ಮಿ ಆಗುವುದಿಲ್ಲ. ಆದರೆ ಎಲ್ಲವೂ ಒಟ್ಟಿಗೆ ಸಿಗ್ನಲ್ಲಿಗೆ ನುಗ್ಗುವುದಿಲ್ಲ. ಕಟ್ಟೆಗಳ ಸಾಲೂ ಹಾಗೆಯೇ. ನೀರು ಒಂದನ್ನು ಹತ್ತಿ ಇಳಿದು, ಪಕ್ಕದ ಹುಲ್ಲಿಗೆ ಚೆಲ್ಲಿ, ಪೊದೆಗಳ ನಡುವೆ ನುಸುಳಿ ಹೋಗುವಷ್ಟರಲ್ಲಿ ಹೊತ್ತಾಗಿರುತ್ತದೆ. ಒಂದು ಗಂಟೆಯಲ್ಲಿ ಬರಬೇಕಾದ ನೀರು ಹಲವು ಗಂಟೆ ಹಂಚಿಕೊಂಡು ಬರುತ್ತದೆ.

ಹದಿಮೂರು ಎಂಬ ಸಂಖ್ಯೆಯನ್ನು ಸುಮ್ಮನೆ ಹಾಕಲಿಲ್ಲ. ಆಟರ್ ಪ್ರಯೋಗಕ್ಕೂ ಮೊದಲೇ, 2011ರಲ್ಲಿ, ಡೆವನ್ನಿನ ಪಶ್ಚಿಮ ಭಾಗದಲ್ಲಿ ಒಂದು ಜೋಡಿ ಬೀವರ್‌ಗಳನ್ನು ಸುಮಾರು ಮೂರು ಹೆಕ್ಟೇರಿನ ಬೇಲಿಯೊಳಗೆ ಬಿಟ್ಟಿದ್ದರು. ಅದರೊಳಗೆ ಹರಿಯುತ್ತಿದ್ದದ್ದು ಒಂದು ಚಿಕ್ಕ ತೊರೆ. ಕೆಲವೇ ವರ್ಷಗಳಲ್ಲಿ ಆ ಸಂಸಾರ 13 ಕಟ್ಟೆ ಕಟ್ಟಿತು. ಮೇಲೂ ಕೆಳಗೂ ನೀರು ಅಳೆಯುವ ಯಂತ್ರ ಇಟ್ಟು ನೋಡಿದರೆ, ಜೋರು ಮಳೆಯ ಹೊತ್ತಿನ ಗರಿಷ್ಠ ಹರಿವು ಸರಾಸರಿ 30 ಶೇಕಡಾ ಕಮ್ಮಿಯಾಗಿತ್ತು. ಇನ್ನೂ ಅಚ್ಚರಿಯದ್ದು ಕೊಳಗಳ ತಳದಲ್ಲಿ ಸಿಕ್ಕಿತು. 2018ರಲ್ಲಿ ಎಕ್ಸೆಟರಿನವರು ಪ್ರಕಟಿಸಿದ ಲೆಕ್ಕದ ಪ್ರಕಾರ ಆ 13 ಕೊಳಗಳಲ್ಲಿ ಕೂತಿದ್ದ ಹೂಳು 100 ಟನ್ನಿಗೂ ಜಾಸ್ತಿ. ಅದರಲ್ಲಿ ಸುಮಾರು 70 ಶೇಕಡಾ ಮೇಲಿನ ಹುಲ್ಲುಗಾವಲುಗಳಿಂದ ಕೊಚ್ಚಿಬಂದ ಮಣ್ಣು. ಜೊತೆಗೆ ಸಾರಜನಕ, ರಂಜಕ. ಅಂದರೆ ರೈತ ದುಡ್ಡು ಕೊಟ್ಟು ಹಾಕಿದ ಗೊಬ್ಬರ ನದಿಯಲ್ಲಿ ಪಾಚಿ ಬೆಳೆಸುವ ಬದಲು ಕೊಳದ ಕೆಸರಲ್ಲಿ ನಿಂತಿತ್ತು. ಕಪ್ಪೆಗಳಿಗೂ ಹಬ್ಬ. ಶುರುವಿನ ವರ್ಷ ಹತ್ತು ಮುದ್ದೆ ಕಪ್ಪೆ ಮೊಟ್ಟೆ ಕಂಡ ಜಾಗದಲ್ಲಿ ಐದಾರು ವರ್ಷಕ್ಕೆ 500 ದಾಟಿತು.

ಬೇಲಿಯೊಳಗಿನ ಲೆಕ್ಕ ಒಂದು, ಬಯಲಿನದ್ದು ಇನ್ನೊಂದು. ಆಟರ್ ನದಿ ಮುಖ್ಯವಾಗುವುದು ಇಲ್ಲೇ. ಅಲ್ಲಿ ಬೇಲಿ ಇರಲಿಲ್ಲ. ಎಲ್ಲಿ ನೆಲೆಸಬೇಕೆಂದು ಬೀವರ್‌ಗಳೇ ಆರಿಸಿಕೊಂಡವು. ಮೊದಲಿದ್ದದ್ದು ಎರಡೇ ಕುಟುಂಬ. ಒಳಗೊಳಗೇ ಸಂಬಂಧ ಬೆಳೆದು ತಳಿ ಕುಗ್ಗಬಾರದು ಎಂದು 2016ರಲ್ಲಿ ಹೊರಗಿನಿಂದ ಒಂದು ಜೋಡಿ ತಂದು ಸೇರಿಸಿದರು. 2020ರ ಹೊತ್ತಿಗೆ ಕನಿಷ್ಠ 15 ಕುಟುಂಬಗಳಾದವು. ಅವುಗಳಲ್ಲಿ ಒಂದು ಈಸ್ಟ್ ಬಡ್ಲಿ ಎಂಬ ಹಳ್ಳಿಯ ಮೇಲ್ಭಾಗದ ತೊರೆಯಲ್ಲಿ ಆರು ಕಟ್ಟೆ ಹಾಕಿತು. ಆ ಹಳ್ಳಿಗೆ ನೆರೆಯ ಕಾಟ ಹಳೆಯದು. ಕಟ್ಟೆಗಳು ಬಂದ ಮೇಲೆ ಹಳ್ಳಿಯೊಳಗೆ ಬರುವ ನೆರೆಯ ರಭಸ ಅಳತೆಗೆ ಸಿಗುವಷ್ಟು ತಗ್ಗಿತು. ಯಾರೂ ಅರ್ಜಿ ಹಾಕಿರಲಿಲ್ಲ, ಟೆಂಡರ್ ಕರೆದಿರಲಿಲ್ಲ.

ಟೆಂಡರ್ ಅಂದಾಗ ಚೆಕ್ ದೇಶದ ಸುದ್ದಿಯೊಂದು ನೆನಪಾಗುತ್ತದೆ. ಬರ್ಡಿ ಎಂಬ ಸಂರಕ್ಷಿತ ಪ್ರದೇಶದಲ್ಲಿ ಜೌಗು ನೆಲ ಮರಳಿ ತರಲು ಸಣ್ಣ ಒಡ್ಡುಗಳ ಯೋಜನೆ ಮಾಡಿದ್ದರು. ಜಮೀನು, ಪರವಾನಗಿ ಎಂದು ಏಳು ವರ್ಷ ಕಡತ ಅಲೆಯಿತು. ಅಷ್ಟರಲ್ಲಿ ಬೀವರ್‌ಗಳು ಬಂದು ಕಟ್ಟಿ ಮುಗಿಸಿದ್ದವು. ಸರ್ಕಾರಕ್ಕೆ 3 ಕೋಟಿ ಕೊರುನಾ ಉಳಿಯಿತು ಎಂದು 2025ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು.

ಮೀನು ಹಿಡಿಯುವವರಿಗೆ ಅನುಮಾನ ಇತ್ತು. ಕಟ್ಟೆ ಅಡ್ಡ ಬಂದರೆ ಟ್ರೌಟ್ ಮೀನು ಮೊಟ್ಟೆ ಇಡಲು ಮೇಲೆ ಹೋಗುವುದು ಹೇಗೆ? ನ್ಯಾಯವಾದ ಪ್ರಶ್ನೆ. ನೀರು ಜಾಸ್ತಿ ಇದ್ದಾಗ ಟ್ರೌಟ್‌ಗಳು ಕಟ್ಟೆ ಹಾರಿ ಹೋಗುವುದು ಆಟರ್‌ನಲ್ಲಿ ಕಂಡಿತು. ಬೀವರ್ ಕೊಳಗಳಲ್ಲಿ ಅಂಥದೇ ಬೇರೆ ಜಾಗಗಳಿಗಿಂತ 37 ಶೇಕಡಾ ಹೆಚ್ಚು ಮೀನು ಸಿಕ್ಕಿತು. ನೀರು ತೀರಾ ಕಮ್ಮಿಯಾದ ಹೊಳೆಗಳಲ್ಲಿ ಕಟ್ಟೆ ದಾಟುವುದು ಕಷ್ಟವೇ, ಆ ವಾದ ಮುಗಿದಿಲ್ಲ.

ಇಷ್ಟೆಲ್ಲ ಉಪಕಾರಿ ಪ್ರಾಣಿಯನ್ನು ಅಳಿಸಿದ್ದು ಯಾರು ಅಂದರೆ ನಾವೇ. ಚಳಿ ದೇಶದಲ್ಲಿ ಇದರ ತುಪ್ಪಳಕ್ಕೆ ಚಿನ್ನದ ಬೆಲೆ. ಟೋಪಿಗಳಿಗೆ ಅದೇ ಬೇಕಿತ್ತು. ಬಾಲದ ಬುಡದ ಗ್ರಂಥಿಯಿಂದ ಬರುವ ಕ್ಯಾಸ್ಟೋರಿಯಂ ಔಷಧಿಗೆ, ಸುಗಂಧಕ್ಕೆ ಹೋಗುತ್ತಿತ್ತು. ವಿಲ್ಲೋ ಮರದ ತೊಗಟೆಯ ನೋವು ನಿವಾರಕ ಅಂಶ ಅದರಲ್ಲಿ ಸೇರಿರುತ್ತದೆ. ವಿಲ್ಲೋ ಅಂದರೆ ಕ್ರಿಕೆಟ್ ಬ್ಯಾಟ್ ಮಾಡುವ ಮರ. 1188ರಲ್ಲೇ ವೇಲ್ಸ್ ಸುತ್ತಿದ ಪಾದ್ರಿಯೊಬ್ಬ, ಇಲ್ಲಿ ಟೈವಿ ನದಿಯೊಂದರಲ್ಲಿ ಮಾತ್ರ ಬೀವರ್ ಉಳಿದಿದೆ ಎಂದು ಬರೆದಿಟ್ಟ. ಹದಿನಾರನೇ ಶತಮಾನದ ಹೊತ್ತಿಗೆ ಬ್ರಿಟನ್ನಿನಲ್ಲಿ ಕಥೆ ಮುಗಿಯಿತು. 1900ರ ಸುಮಾರಿಗೆ ಇಡೀ ಯುರೋಪ್, ಏಷ್ಯಾ ಸೇರಿಸಿ ಉಳಿದದ್ದು 1200ರಷ್ಟು ಮಾತ್ರ. ನಾರ್ವೆಯಿಂದ ತಂದು ಸ್ವೀಡನ್ 1922ರಲ್ಲಿ ಮರಳಿ ಬಿಡುವ ಕೆಲಸ ಶುರು ಮಾಡಿತು. ಆಮೇಲೆ ದೇಶಗಳು ಒಂದೊಂದಾಗಿ ಸೇರಿಕೊಂಡವು. ಈಗ ಲೆಕ್ಕ ಹತ್ತು ಲಕ್ಷ ದಾಟಿದೆ. ಬ್ರಿಟನ್ನು ಈ ಸಾಲಿನಲ್ಲಿ ತೀರಾ ಕೊನೆಗೆ ಬಂದ ದೇಶಗಳಲ್ಲೊಂದು.

ಬಿಡುವ ವಿಧಾನಗಳಲ್ಲಿ ನನಗೆ ಅಚ್ಚುಮೆಚ್ಚಿನದು ಅಮೆರಿಕದ ಐಡಾಹೋದ್ದು. 1948ರಲ್ಲಿ ಅಲ್ಲಿ ಊರಿನ ಹತ್ತಿರ ತೊಂದರೆ ಕೊಡುತ್ತಿದ್ದ ಬೀವರ್‌ಗಳನ್ನು ದೂರದ ಬೆಟ್ಟಗಳಿಗೆ ಸಾಗಿಸಬೇಕಿತ್ತು. ರಸ್ತೆ ಇಲ್ಲ. ಯುದ್ಧ ಮುಗಿದು ಪ್ಯಾರಾಚೂಟ್‌ಗಳು ಮೂಲೆಗೆ ಬಿದ್ದಿದ್ದವು. ಮರದ ಪೆಟ್ಟಿಗೆಯಲ್ಲಿಟ್ಟು ವಿಮಾನದಿಂದ ಇಳಿಸಿಬಿಟ್ಟರು. 76 ಬೀವರ್ ಇಳಿದವು, ಸತ್ತದ್ದು ಒಂದೇ.

ಹಾಗಾದರೆ ತಕರಾರು ಎಲ್ಲಿ? ತಕರಾರು ನೀರು ನಿಲ್ಲುವ ಜಾಗದಲ್ಲೇ ಇದೆ. ಬೀವರ್ ಕಟ್ಟೆ ಹಾಕುವುದು ಮೇಲ್ಭಾಗದ ರೈತನ ಹೊಲದ ಪಕ್ಕ. ನೀರು ಏರಿ ಹುಲ್ಲುಗಾವಲು ಜೌಗಾಗುವುದು ಅವನದ್ದು. ಬಸಿಗಾಲುವೆ ಕಟ್ಟಿಕೊಳ್ಳುವುದು, ಟ್ರ್ಯಾಕ್ಟರ್ ಹೂತುಹೋಗುವುದು, ಹಣ್ಣಿನ ಮರ ಉರುಳುವುದು ಅವನಿಗೆ. ನೆರೆ ತಪ್ಪುವುದು ಮಾತ್ರ ಕೆಳಗಿನ ಹಳ್ಳಿಯವರಿಗೆ, ಅವರಿಗೆ ಇವನ ಹೆಸರೂ ಗೊತ್ತಿರುವುದಿಲ್ಲ. 2020ರಲ್ಲಿ ಬಂದ ಆಟರ್ ಪ್ರಯೋಗದ ವರದಿ ಇದನ್ನು ಮುಚ್ಚಿಡಲಿಲ್ಲ. ಒಟ್ಟು ಲೆಕ್ಕದಲ್ಲಿ ಲಾಭವೇ ಜಾಸ್ತಿ, ಆದರೆ ಲಾಭ ಪಡೆಯುವವರೂ ನಷ್ಟ ಹೊರುವವರೂ ಒಬ್ಬರೇ ಅಲ್ಲ ಎಂದಿತು. ಇಡೀ ವರದಿಯಲ್ಲಿ ಮುಖ್ಯವಾದ ಮಾತು ಇದೇ ಎಂದು ನನ್ನ ಅಭಿಪ್ರಾಯ. ಪತ್ರಿಕೆಗಳಲ್ಲಿ ಬಂದದ್ದು ಮಾತ್ರ ಮುದ್ದು ಮರಿಗಳ ಫೋಟೊ.

ಅದಕ್ಕೇ ಬೀವರ್ ಬಿಡುವುದೆಂದರೆ ಪೆಟ್ಟಿಗೆಯ ಬಾಗಿಲು ತೆರೆಯುವುದಲ್ಲ. ಆಮೇಲಿನ ಕೆಲಸವೇ ಜಾಸ್ತಿ. ಕೊಳದ ಮಟ್ಟ ಹೊಲಕ್ಕೆ ಬರುವಂತಿದ್ದರೆ ಕಟ್ಟೆಯ ನಡುವೆ ಒಂದು ಕೊಳವೆ ತೂರಿಸುತ್ತಾರೆ. ಒಳಬಾಯಿಗೆ ಅಗಲ ಪಂಜರ ಕಟ್ಟಿ ಕೊಳದ ನಡುವೆ ಇಡುತ್ತಾರೆ. ನೀರು ಸದ್ದಿಲ್ಲದೆ ಹೋಗುತ್ತದೆ, ಬೀವರ್‌ಗೆ ಸೋರಿಕೆ ಎಲ್ಲಿ ಎಂದು ಗೊತ್ತೇ ಆಗುವುದಿಲ್ಲ. ಟೇಪ್ ರೆಕಾರ್ಡರಿನ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆಲೆಬಾಳುವ ಮರಗಳ ಬುಡಕ್ಕೆ ತಂತಿಬಲೆ ಸುತ್ತುತ್ತಾರೆ, ಇಲ್ಲವೇ ಮರಳು ಬೆರೆಸಿದ ಬಣ್ಣ ಬಳಿಯುತ್ತಾರೆ. ಹಲ್ಲಿಗೆ ಮರಳು ಸಿಕ್ಕರೆ ಅವಕ್ಕೂ ಇಷ್ಟವಾಗುವುದಿಲ್ಲ. ಎಲ್ಲಕ್ಕಿಂತ ಬಾಳುವ ಉಪಾಯ, ತೊರೆಯ ಎರಡೂ ಬದಿ ಹತ್ತಿಪ್ಪತ್ತು ಮೀಟರ್ ಪಟ್ಟಿ ಬಿಟ್ಟುಕೊಡುವುದು. ಬೀವರ್‌ನ ಓಡಾಟವೆಲ್ಲ ಬಹುಪಾಲು ಅಷ್ಟರಲ್ಲೇ ಮುಗಿಯುತ್ತದೆ. ಕಡಿದ ವಿಲ್ಲೋ ಮತ್ತೆ ಬುಡದಿಂದ ಚಿಗುರುತ್ತದೆ. ಆದರೆ ಆ ಪಟ್ಟಿಗೆ ರೈತನಿಗೆ ಯಾರು ದುಡ್ಡು ಕೊಡಬೇಕು?

ಈ ಪ್ರಶ್ನೆಗೆ ಉತ್ತರ ಇಲ್ಲದೆ ಬೀವರ್ ಹಬ್ಬಿದರೆ ಏನಾಗುತ್ತದೆ ಎಂದು ಸ್ಕಾಟ್ಲೆಂಡ್ ತೋರಿಸಿತು. ಅಲ್ಲಿ ಎರಡು ಕಥೆಗಳಿವೆ. ನ್ಯಾಪ್‌ಡೇಲ್ ಕಾಡಿನಲ್ಲಿ 2009ರಲ್ಲಿ ನಾರ್ವೆಯ ಬೀವರ್‌ಗಳನ್ನು ಲೈಸೆನ್ಸ್ ಪಡೆದು ಬಿಟ್ಟರು, ಶಾಂತವಾಗಿ ನಡೆಯಿತು. ಟೇ ನದಿಯ ಜಲಾನಯನದಲ್ಲಿ ತಪ್ಪಿಸಿಕೊಂಡವು, ಕದ್ದು ಬಿಟ್ಟವು ಸೇರಿ ತಾವಾಗಿಯೇ ಹಬ್ಬಿದವು. ಅದು ಸ್ಕಾಟ್ಲೆಂಡಿನ ಉತ್ತಮ ಬೇಸಾಯದ ನೆಲ. ಸಮತಟ್ಟು, ಬಸಿಗಾಲುವೆಗಳ ಮೇಲೆ ನಿಂತದ್ದು. 2019ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡ್ ಬೀವರ್‌ಗೆ ಕಾನೂನಿನ ರಕ್ಷಣೆ ಕೊಟ್ಟಿತು. ಅದೇ ವರ್ಷದ ಕೊನೆಯೊಳಗೆ ಲೈಸೆನ್ಸ್ ಕೊಟ್ಟೇ 87 ಬೀವರ್‌ಗಳನ್ನು ಕೊಲ್ಲಲಾಯಿತು. ಗಲಾಟೆಯಾಯಿತು. 2021ರಲ್ಲಿ ಸರ್ಕಾರ, ಕೊಲ್ಲುವ ಬದಲು ಬೇರೆ ಜಲಾನಯನಗಳಿಗೆ ಸಾಗಿಸುವುದಕ್ಕೆ ಬೆಂಬಲ ಕೊಡುತ್ತೇವೆ ಎಂದು ದಾರಿ ಬದಲಿಸಿತು. ಪ್ರಾಣಿ ಒಂದೇ, ನೆಲ ಬೇರೆ.

ನೆಲ ತೀರಾ ಬೇರೆಯಾದರೆ ಏನಾಗುತ್ತದೆ ಎನ್ನುವುದಕ್ಕೆ ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊ ನೋಡಬೇಕು. ತುಪ್ಪಳದ ವ್ಯಾಪಾರ ಬೆಳೆಸಲು ಅರ್ಜೆಂಟೀನಾ 1946ರಲ್ಲಿ ಅಲ್ಲಿಗೆ ಉತ್ತರ ಅಮೆರಿಕದ 20 ಬೀವರ್ ತಂದು ಬಿಟ್ಟಿತು. ವ್ಯಾಪಾರ ಕುದುರಲಿಲ್ಲ, ಬೀವರ್ ಮಾತ್ರ ಕುದುರಿತು. ಅಲ್ಲಿನ ಮರಗಳು ಬೀವರ್ ಜೊತೆ ಬೆಳೆದವಲ್ಲ. ಕಡಿದರೆ ವಿಲ್ಲೋ ಹಾಗೆ ಚಿಗುರುವುದಿಲ್ಲ, ನೀರು ನಿಂತರೆ ಸಾಯುತ್ತವೆ. ಕಣಿವೆಗಳ ತುಂಬ ಬೂದು ಬಣ್ಣದ ಸತ್ತ ಮರಗಳು ನಿಂತಿವೆ. ಹಾಗಾಗಿ "ಮರಳಿ ತರುವುದು" ಎಂಬ ಮಾತಿನಲ್ಲಿ "ಮರಳಿ" ಎಂಬುದಕ್ಕೆ ತೂಕ ಜಾಸ್ತಿ.

ಆಟರ್ ನದಿಯ ಬೀವರ್‌ಗಳು ಶಾಶ್ವತವಾಗಿ ಇರಬಹುದು ಎಂದು ಸರ್ಕಾರ 2020ರ ಆಗಸ್ಟಿನಲ್ಲಿ ಒಪ್ಪಿತು. 2022ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಬರ ಬಂತು. ಸುತ್ತ ಹುಲ್ಲು ಒಣಗಿ ಹಳದಿಯಾಗಿದ್ದಾಗ ಬೀವರ್ ಕಟ್ಟೆಗಳ ಜಾಗ ಮಾತ್ರ ಹಸಿರಾಗಿ ಉಳಿದ ಚಿತ್ರಗಳು ಪೂರ್ವ ಡೆವನ್ನಿನಿಂದ ಬಂದವು. ಅದೇ ವರ್ಷ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲೂ ಬೀವರ್ ರಕ್ಷಿತ ಪ್ರಾಣಿ. ಲೈಸೆನ್ಸ್ ಇಲ್ಲದೆ ಕೊಲ್ಲುವಂತಿಲ್ಲ, ಹಿಡಿಯುವಂತಿಲ್ಲ. ಆದರೆ ಬೇಲಿಯಿಲ್ಲದೆ ಹೊಸದಾಗಿ ಬಿಡಲು ಅನುಮತಿ ಸಿಗಲು ಇನ್ನೂ ಎರಡು ವರ್ಷದ ಮೇಲೆ ಹಿಡಿಯಿತು. 2025ರ ಫೆಬ್ರವರಿ ಕೊನೆಗೆ ನಿಯಮ ಬಂತು. ಮಾರ್ಚ್ ಮೊದಲ ವಾರ ಡಾರ್ಸೆಟ್ಟಿನ ಪರ್ಬೆಕ್‌ನಲ್ಲಿ, ನ್ಯಾಷನಲ್ ಟ್ರಸ್ಟಿನ ನೆಲದಲ್ಲಿ, ಲೈಸೆನ್ಸ್ ಪಡೆದ ಮೊದಲ ಎರಡು ಜೋಡಿಗಳು ಪೆಟ್ಟಿಗೆಯಿಂದ ಇಳಿದು ನೀರಿಗೆ ಹೋದವು.

ಹೊಸ ನಿಯಮದಲ್ಲಿ ಒಂದು ಷರತ್ತಿದೆ. ಬಿಡುವವರು ಹತ್ತು ವರ್ಷದ ಯೋಜನೆ ತೋರಿಸಬೇಕು. ಬೇಸಾಯಕ್ಕೆ, ರಸ್ತೆಗೆ, ಸೇತುವೆಗೆ ಏನಾಗುತ್ತದೆ, ಅದನ್ನು ಹೇಗೆ ನಿಭಾಯಿಸುತ್ತೀರಿ ಎಂದು ಮೊದಲೇ ಹೇಳಬೇಕು. ಹತ್ತು ವರ್ಷ ಏಕೆಂದು ಬೀವರ್ ಸಂಸಾರದ ಲೆಕ್ಕ ಹಾಕಿದರೆ ತಿಳಿಯುತ್ತದೆ. ವರ್ಷಕ್ಕೊಂದು ಸೂಲು, ಎರಡು ಮೂರು ಮರಿ. ಎರಡು ವರ್ಷ ತುಂಬಿದ ಮರಿ ಮನೆ ಬಿಟ್ಟು ತನ್ನದೇ ತೊರೆ ಹುಡುಕಿಕೊಂಡು ಹೊರಡುತ್ತದೆ. ಮೊದಲ ಕೆಲವು ವರ್ಷ ಒಳ್ಳೆಯ ಜಾಗಗಳು ಖಾಲಿ ಇರುತ್ತವೆ, ಯಾರಿಗೂ ತೊಂದರೆಯಿಲ್ಲ. ಅವು ತುಂಬಿದ ಮೇಲೆ ಹೊರಟ ಮರಿಗೆ ಸಿಗುವುದು ಯಾರದ್ದೋ ಹೊಲದ ಪಕ್ಕದ ಬಸಿಗಾಲುವೆ. ಆ ಹೊಲದವನು ಬೆಳಿಗ್ಗೆ ಎದ್ದು ನೋಡಿ ಫೋನ್ ಮಾಡಿದಾಗ, ಕೊಳವೆ, ತಂತಿಬಲೆ ಹೊತ್ತುಕೊಂಡು ಯಾರಾದರೂ ಬರಬೇಕು.